ಡೇಟಾ ನಮ್ಮದು, ದಂಡದ ದುಡ್ಡು ಯಾರಿಗೆ?

ಪ್ಯಾನ್, ಆಧಾರ್, ಸ್ಯಾಲರಿ ಸ್ಲಿಪ್, ಒಂದು ಸೆಲ್ಫಿ. ಸಾಲದ ಆ್ಯಪ್‌ಗೆ ಇಷ್ಟನ್ನೂ ಐದೇ ನಿಮಿಷದಲ್ಲಿ ಕೊಟ್ಟುಬಿಡ್ತೀವಿ. ಅವರ ಕೈಯಿಂದ ಅದು ಸೋರಿಹೋದರೆ ಹೊಣೆ ಯಾರು? ಇವತ್ತು ಅದನ್ನೇ ಮಾತಾಡೋಣ.

ಅಮೆರಿಕದ ಈಕ್ವಿಫ್ಯಾಕ್ಸ್ ಕಥೆ ಕೇಳಿ. ಇದು ನಮ್ಮ ಸಿಬಿಲ್ ಥರದ ಕ್ರೆಡಿಟ್ ಬ್ಯೂರೋ. ಭಾರತದಲ್ಲೂ ಇದೆ. ನೀವಾಗಿ ಹೋಗಿ ಇದರ ಗ್ರಾಹಕರಾಗಬೇಕಿಲ್ಲ. ಸಾಲ ಕೊಟ್ಟವರೇ ನಿಮ್ಮ ಮಾಹಿತಿ ಕಳಿಸ್ತಾರೆ. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಲೋಪ ಇದೆ ಅಂತ ಎಚ್ಚರಿಕೆ ಬಂತು. ಸರಿಪಡಿಸೋ ಪ್ಯಾಚ್ ಕೂಡ ಸಿಕ್ಕಿತ್ತು. ಆದರೆ ಕಂಪನಿಯ ಒಂದು ಪೋರ್ಟಲ್‌ಗೆ ಅದನ್ನ ಹಾಕಲೇ ಇಲ್ಲ. ಮೇ ತಿಂಗಳಲ್ಲಿ ಹ್ಯಾಕರ್‌ಗಳು ಅಲ್ಲಿಂದಲೇ ನುಗ್ಗಿದರು. ಕಂಪನಿಗೆ ಗೊತ್ತಾಗಿದ್ದು ಜುಲೈ ಕೊನೆಗೆ, ಜನರಿಗೆ ಹೇಳಿದ್ದು ಸೆಪ್ಟೆಂಬರ್ 7ಕ್ಕೆ. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಕಳ್ಳರ ಪಾಲಾಗಿತ್ತು.

2019ರಲ್ಲಿ ರಾಜಿ ಆಯ್ತು, ಕನಿಷ್ಠ 57.5 ಕೋಟಿ ಡಾಲರ್‌ಗೆ. ದೊಡ್ಡ ಮೊತ್ತ ಅನ್ಸುತ್ತೆ ಅಲ್ವಾ? ಬಿಕಾಂ ಓದಿದವನು ನಾನು, ಲೆಕ್ಕ ಹಾಕದೆ ಬಿಡಲ್ಲ. ಉಚಿತ ಕ್ರೆಡಿಟ್ ಮಾನಿಟರಿಂಗ್ ಬೇಡ ಅನ್ನೋರು 125 ಡಾಲರ್ ನಗದು ಕೇಳಬಹುದಿತ್ತು. ಆದರೆ ಅದಕ್ಕೆ ಎತ್ತಿಟ್ಟಿದ್ದು 3.1 ಕೋಟಿ ಡಾಲರ್ ಮಾತ್ರ. ಭಾಗಿಸಿ ನೋಡಿ, ಎರಡೂವರೆ ಲಕ್ಷ ಜನಕ್ಕೂ ಪೂರ್ತಿ ಸಾಲಲ್ಲ. ಅರ್ಜಿಗಳು ಹರಿದುಬಂದ ಮೇಲೆ, ಅಷ್ಟು ಸಿಗೋದು ಕಷ್ಟ, ಮಾನಿಟರಿಂಗ್ ತಗೊಳ್ಳಿ ಅಂತ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿಯೇ ಹೇಳಬೇಕಾಯ್ತು.

ನಮ್ಮಲ್ಲಿ ಹೇಗೆ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಡೇಟಾಗೆ ಸರಿಯಾದ ಭದ್ರತೆ ಕೊಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಒಳ್ಳೆಯದೇ. ಆದರೆ ಆ ದುಡ್ಡು ಹೋಗೋದು ಭಾರತದ ಸಂಚಿತ ನಿಧಿಗೆ, ಅಂದ್ರೆ ಸರ್ಕಾರದ ಖಜಾನೆಗೆ. ಡೇಟಾ ಕಳ್ಕೊಂಡ ನಿಮಗೆ ಅದರಲ್ಲಿ ಒಂದು ರೂಪಾಯಿನೂ ಇಲ್ಲ. ಗ್ರಾಹಕರಿಗೆ ಪರಿಹಾರ ಕೇಳೋಕೆ ದಾರಿ ಕೊಟ್ಟಿದ್ದ ಐಟಿ ಕಾಯ್ದೆಯ 43ಎ ಕಲಂ ಅನ್ನೂ ಇದೇ ಹೊಸ ಕಾಯ್ದೆ ತೆಗೆದುಹಾಕುತ್ತೆ.

ದಂಡದ ಭಯ ಇದ್ರೆ ಕಂಪನಿಗಳು ಹುಷಾರಾಗಿರ್ತವೆ, ಅಷ್ಟು ಸಾಲದಾ ಅಂತ ಕೇಳಬಹುದು. ಭಯ ಬೇಕು, ನಿಜ. ಆದರೆ ಫೋನ್ ನಂಬರ್ ಬದಲಾಯಿಸಬಹುದು, ಹುಟ್ಟಿದ ದಿನ ಬದಲಾಯಿಸೋಕೆ ಆಗುತ್ತಾ? ಒಮ್ಮೆ ಸೋರಿದ ಮಾಹಿತಿ ಇಟ್ಕೊಂಡು ವರ್ಷಗಳಾದ ಮೇಲೂ ನಿಮ್ಮ ಹೆಸರಲ್ಲಿ ಸಾಲ ಎತ್ತೋಕೆ ನೋಡ್ತಾರೆ. ಆಗ ಬ್ಯಾಂಕು, ಪೊಲೀಸ್ ಠಾಣೆ ಅಂತ ಅಲೆಯೋರು ನೀವು.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. ಖಾತೆಯಿಂದ ಅನಧಿಕೃತವಾಗಿ ಹಣ ಹೋದಾಗ, ತಪ್ಪು ಬ್ಯಾಂಕಿನದ್ದಾದರೆ ಗ್ರಾಹಕರ ಮೇಲೆ ಹೊರೆ ಸೊನ್ನೆ, ಗ್ರಾಹಕರೇ ಹೊಣೆ ಅನ್ನೋದನ್ನ ಸಾಬೀತು ಮಾಡಬೇಕಾದ್ದು ಬ್ಯಾಂಕು ಅಂತ 2017ರಲ್ಲೇ ಆರ್‌ಬಿಐ ಸುತ್ತೋಲೆ ಹೊರಡಿಸಿತು. ದುಡ್ಡು ಹೋದಾಗ ಇರೋ ನ್ಯಾಯ ಡೇಟಾ ಹೋದಾಗ ಯಾಕಿಲ್ಲ? ದಂಡದಲ್ಲಿ ಒಂದು ಪಾಲು ನೊಂದವರಿಗೆ ಸಿಗಲಿ ಅಂತ ನಾವು ಕೇಳಲೇಬೇಕು.

ಅಲ್ಲಿವರೆಗೆ ಎರಡು ಕೆಲಸ ಮಾಡಿ. ಪ್ರತಿ ಕ್ರೆಡಿಟ್ ಬ್ಯೂರೋದಿಂದ ವರ್ಷಕ್ಕೊಂದು ವರದಿ ಉಚಿತವಾಗಿ ಸಿಗುತ್ತೆ, ತೆಗೆದು ನೋಡಿ; ನೀವು ತಗೊಳ್ಳದ ಸಾಲ ಕಂಡರೆ ತಕ್ಷಣ ದೂರು ಕೊಡಿ. ದುಡ್ಡು ಹೋಗಿದ್ರೆ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಕರೆ ಮಾಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.