ಕಂಟೆಸ್ಟ್ ಅಂದರೆ ಎಲೆಕ್ಷನ್ ಒಂದೇ ಅಲ್ಲ

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಇವತ್ತು ನಾನು ಬೆಲೆಯ ವಿಷಯ ಎತ್ತೋದಿಲ್ಲ. ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡ್ತೀನಿ. ಸಾಲದಲ್ಲಿ ಮುಳುಗಿರೋ ರೈತನಿಗೆ ಇಂಗ್ಲಿಷ್ ಪಾಠ ಯಾಕಪ್ಪಾ ಅಂತ ನಗಬೇಡಿ. ಆ ಪದದ ಒಂದು ಅರ್ಥ ಗೊತ್ತಿಲ್ಲದೆ, ಕಟ್ಟಿದ ಸಾಲವನ್ನೇ ಎರಡನೇ ಸಲ ಕಟ್ಟಿದವರು ನಮ್ಮಲ್ಲಿದ್ದಾರೆ.

ಪದ ಯಾವುದು ಅಂದರೆ ಕಂಟೆಸ್ಟ್. ನಿಮಗೆ ಹೊಸದೇನಲ್ಲ. ‘ಈ ಸಲ ಸೊಸೈಟಿಗೆ ಯಾರು ಕಂಟೆಸ್ಟ್ ಮಾಡ್ತಾರೆ?’ ಅಂತ ಅರಳಿಕಟ್ಟೆ ಮೇಲೆ ದಿನಾ ಕೇಳ್ತೀರಿ. ಇಂಗ್ಲಿಷಿನಲ್ಲಿ ಜಗಳಕ್ಕೆ ಪದಗಳ ಬರವಿಲ್ಲ. ಫೈಟ್ ಅಂದರೆ ಹೊಡೆದಾಟ, ಬ್ಯಾಟಲ್ ಅಂದರೆ ಕಾಳಗ, ಸ್ಟ್ರಗಲ್ ಅಂದರೆ ಒದ್ದಾಡಿ ಹೆಣಗೋದು. ಕಂಟೆಸ್ಟ್ ಇವುಗಳ ಸಾಲಿನಲ್ಲೇ ಇದ್ದರೂ ಅದರ ಹುಟ್ಟು ಬೇರೆ. ಅದು ಗರಡಿಯಲ್ಲಿ ಹುಟ್ಟಿದ್ದಲ್ಲ, ನ್ಯಾಯಸ್ಥಾನದಲ್ಲಿ ಹುಟ್ಟಿದ್ದು.

ಲ್ಯಾಟಿನ್ ಭಾಷೆಯಲ್ಲಿ ಟೆಸ್ಟಿಸ್ ಅಂದರೆ ಸಾಕ್ಷಿ. ಮರಣಶಾಸನಕ್ಕೆ ಟೆಸ್ಟಮೆಂಟ್ ಅನ್ನೋದೂ ಇದೇ ಬೇರಿನಿಂದ. ಹಳೇ ರೋಮಿನಲ್ಲಿ ವಾದಿ ಪ್ರತಿವಾದಿ ಇಬ್ಬರೂ ಎದುರುಬದುರು ನಿಂತು, ಸುತ್ತ ಇದ್ದವರನ್ನ ಸಾಕ್ಷಿಯಾಗಿ ಕರೆದರೇನೇ ವ್ಯಾಜ್ಯ ಶುರುವಾದ ಲೆಕ್ಕ. ಹಾಗೆ ಕರೆಯೋದಕ್ಕೆ ಇದ್ದ ಪದವೇ ಫ್ರೆಂಚಿನ ಮೂಲಕ 1600ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂತು. ಎಲೆಕ್ಷನ್ನು, ಕುಸ್ತಿ ಪಂದ್ಯ ಎಲ್ಲ ಆಮೇಲೆ ಅಂಟಿಕೊಂಡವು. ನಮ್ಮ ತಕರಾರು ಕೂಡ ಹೊರಗಿನಿಂದ ಬಂದದ್ದೇ, ಅರಬ್ಬಿ ಪದ. ಮತ್ತೆ ಮತ್ತೆ ಹೇಳೋದು ಅಂತ ಅದರ ಮೂಲ ಅರ್ಥ. ಒಂದು ಸಲ ಹೇಳಿ ಸುಮ್ಮನಾದರೆ ತಕರಾರು ಆಗೋದಿಲ್ಲ ನೋಡಿ!

ಈಗ ವಿಚಿತ್ರ ಕೇಳಿ. ಎಲೆಕ್ಷನ್ನಿನಲ್ಲಿ ಯಾರೂ ಕಂಟೆಸ್ಟ್ ಮಾಡದಿದ್ದರೆ ಅವಿರೋಧ ಆಯ್ಕೆ ಅಂತೀವಿ. ಊರಿಗೇ ಒಂದು ಮರ್ಯಾದೆ, ಹಾರ ಹಾಕ್ತೀವಿ. ಅದೇ ಬುದ್ಧಿ ಕೋರ್ಟಿಗೂ ತಗೊಂಡು ಹೋಗ್ತೀವಿ. ‘ನಾನೇಕೆ ಕೋರ್ಟ್ ಮೆಟ್ಟಿಲು ಹತ್ತಲಿ, ನನ್ನ ಮರ್ಯಾದೆ ಏನಾಗಬೇಕು’ ಅಂತ. ಅಲ್ಲಿ ಅವಿರೋಧ ಅಂದರೆ ಏಕಪಕ್ಷೀಯ ಡಿಕ್ರಿ. ಹಾರ ಸಾಹುಕಾರನ ಕೊರಳಿಗೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಏನು ಹೇಳುತ್ತೆ? ಸಮನ್ಸ್ ಮುಟ್ಟಿದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ತಕ್ಕ ಕಾರಣ ತೋರಿಸಿದರೆ ಕೋರ್ಟು 90 ದಿನದವರೆಗೆ ಬಿಡಬಹುದು. ದಾವೆಯಲ್ಲಿ ಬರೆದದ್ದನ್ನ ಒಂದೊಂದಾಗಿ ಅಲ್ಲಗಳೆಯದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ. ಸಮನ್ಸ್ ಬೇಡ ಅಂತ ಅಮೀನನನ್ನ ವಾಪಸ್ ಕಳಿಸಿದರೆ ಬಚಾವಾದೆ ಅಂದುಕೊಳ್ಳಬೇಡಿ, ಬಾಗಿಲಿಗೆ ಅಂಟಿಸಿ ಹೋಗ್ತಾನೆ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸೋಕೂ 30 ದಿನವೇ ವಾಯಿದೆ, ಗೈರುಹಾಜರಿಗೆ ಸರಿಯಾದ ಕಾರಣ ಬೇರೆ ಬೇಕು.

1980ರಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದಾಗ ಇಡೀ ರಾಜ್ಯ ಎದ್ದು ಕೂತಿತು. ಬೀದಿ ಹೋರಾಟ ಬೇಡ ಅಂತ ನಾನು ಖಂಡಿತ ಹೇಳೋದಿಲ್ಲ. ಆದರೆ ಬೀದಿಯಲ್ಲಿ ಸಾವಿರ ಜನ ಕೂಗಿದ್ದು ಕೋರ್ಟಿನ ಕಡತಕ್ಕೆ ಏರೋದಿಲ್ಲ. ಅಲ್ಲಿಗೆ ನೀವೇ ಹೋಗಿ ಹೇಳಬೇಕು. ವಕೀಲರಿಗೆ ಕೊಡೋಕೆ ದುಡ್ಡಿಲ್ಲದಿದ್ದರೆ 1987ರ ಕಾಯ್ದೆ ಪ್ರಕಾರ ಉಚಿತ ಕಾನೂನು ನೆರವು ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ. ಉಳಿದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ನಮ್ಮ ಹೋಬಳಿಯ ಒಬ್ಬ ರೈತನ ಕತೆ ಹೇಳ್ತೀನಿ. ಪ್ರೊನೋಟು ಬರೆದು ಸಾಲ ತಂದಿದ್ದ. ಎರಡು ಸುಗ್ಗಿಯಲ್ಲಿ ಬಹುಪಾಲು ತೀರಿಸಿದ್ದ, ಆದರೆ ರಸೀದಿ ಕೇಳಿರಲಿಲ್ಲ. ಕೇಳಿದರೆ ಸಾಹುಕಾರರು ಏನಂದುಕೊಂಡಾರು ಅಂತ ಸಂಕೋಚ. ಪೂರ್ತಿ ಹಣಕ್ಕೆ ದಾವೆ ಬಿತ್ತು, ಸಮನ್ಸ್ ಬಂತು. ‘ಕೊಟ್ಟಿದ್ದೀನಲ್ಲ, ದೇವರಿಗೆ ಗೊತ್ತು’ ಅಂತ ಅದನ್ನ ಜಂತೆಗೆ ಸಿಕ್ಕಿಸಿ ಉಳುಮೆಗೆ ಹೋದ. ಡಿಕ್ರಿ ಆಯ್ತು. ರದ್ದು ಕೋರಿ ಹಾಕಿದ ಅರ್ಜಿ, ಕಾರಣ ಸಾಲದು ಅಂತ ವಜಾ ಆಯ್ತು.

ಅಮೀನ ಜಪ್ತಿಗೆ ಬಂದಾಗ ಅವನಿಗೆ ಬುದ್ಧಿ ಬಂತು. ಈ ಸಲ ವಕೀಲರನ್ನ ಹಿಡಿದು ಕೋರ್ಟಿಗೆ ಹೋದ. ಅದೇ ಸಂಹಿತೆಯ 60ನೇ ಕಲಮಿನಲ್ಲಿ ಒಂದು ರಕ್ಷಣೆ ಇದೆ: ಬೇಸಾಯಗಾರನ ನೇಗಿಲು ನೊಗ, ಅವನ ಜೀವನಕ್ಕೆ ಬೇಕು ಅಂತ ಕೋರ್ಟಿಗೆ ಕಂಡಷ್ಟು ದನ, ಬಿತ್ತನೆ ಕಾಳು, ಅವನು ವಾಸ ಮಾಡೋ ಮನೆ, ಇವನ್ನ ಜಪ್ತಿ ಮಾಡೋ ಹಾಗಿಲ್ಲ. (ಮನೆಯನ್ನೇ ಅಡಮಾನ ಬರೆದುಕೊಟ್ಟಿದ್ದರೆ ಮಾತು ಬೇರೆ.) ಆದರೆ ಹೋಗಿ ಕೇಳಬೇಕು. ಅವನು ಕೇಳಿದ. ಜೋಡಿ ಎತ್ತು ಉಳಿಯಿತು, ಬಿತ್ತನೆ ರಾಗಿ ಉಳಿಯಿತು, ಮನೆ ಉಳಿಯಿತು.

ಕೊಟ್ಟ ಹಣದ ಮಾತು ಮಾತ್ರ ಅಲ್ಲಿ ಏಳಲಿಲ್ಲ, ಡಿಕ್ರಿ ಆಗಿಹೋಗಿತ್ತು. ಸಾಹುಕಾರರ ಜಗುಲಿ ಮೇಲೆ ನೋಟು ಎಣಿಸಿಕೊಟ್ಟಾಗ ಪಕ್ಕದಲ್ಲೇ ಕೂತಿದ್ದ ಅವನ ಭಾವಮೈದ ಆವತ್ತು ಕೋರ್ಟಿಗೆ ಜೊತೆಗೆ ಬಂದಿದ್ದ. ಸಂಜೆವರೆಗೂ ಬೇವಿನ ಮರದ ಕೆಳಗೆ ಕಾದ. ಅವನನ್ನ ಯಾರೂ ಒಳಗೆ ಕರೆಯಲಿಲ್ಲ.