ಕರೆಂಟ್ ಬಂತು, ಸರ್ವರ್ ಯಾಕೆ ಏಳಲಿಲ್ಲ?

ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬದವರಿಗೆ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ. ಗಾಳಿ ಬಂತು, ಮರ ಬಿತ್ತು, ಲೈನ್ ತುಂಡಾಯ್ತು. ಇವತ್ತು ಮಾತಾಡುವುದು ಕರೆಂಟ್ ವಾಪಸ್ ಬಂದ ಮೇಲಿನ ಮೊದಲ 90 ಸೆಕೆಂಡಿನ ಬಗ್ಗೆ.

ಕಡಬ ಕಡೆ ಒಂದು ಕಚೇರಿಯ ಸರ್ವರ್ ನಾನೇ ನೋಡಿಕೊಳ್ಳುವುದು. ಒಂದು ಬೆಳಿಗ್ಗೆ ಕರೆಂಟ್ ಬಂದು ಅರ್ಧ ಗಂಟೆ ಆದ್ರೂ ಬಿಲ್ಲಿಂಗ್ ಓಪನ್ ಆಗಲಿಲ್ಲ. ಕೌಂಟರ್ ಎದುರು ಜನ, ನನಗೆ ಫೋನ್ ಮೇಲೆ ಫೋನ್. ಲಾಗ್ ನೋಡಿದ್ರೆ ಡೇಟಾಬೇಸ್ ಹಾಳಾಗಿರಲಿಲ್ಲ ಮಾರ್ರೆ! ಕೆಲಸ ಮಾಡ್ತಾ ಇದ್ದದ್ದನ್ನು ಸಿಸ್ಟಮ್‌ಡಿ ಮತ್ತೆ ಮತ್ತೆ ನಿಲ್ಲಿಸಿತ್ತು.

ಸಿಸ್ಟಮ್‌ಡಿ ಅಂದ್ರೆ ಎಂತ? 2010ರಲ್ಲಿ ಬಂದದ್ದು. ಹೆಚ್ಚಿನ ಲಿನಕ್ಸ್‌ಗಳಲ್ಲಿ ಪ್ರೊಸೆಸ್ ನಂಬರ್ 1 ಅದೇ. ಉಳಿದ ಸರ್ವೀಸ್‌ಗಳನ್ನು ಎಬ್ಬಿಸುವುದೂ ಅದೇ. ಸರ್ವೀಸ್ 'ನೋಟಿಫೈ' ಮಾದರಿಯದ್ದಾದ್ರೆ, ಎದ್ದ ಮೇಲೆ 'ನಾನು ರೆಡಿ' ಅಂತ ಸಣ್ಣ ಮೆಸೇಜ್ ಕಳಿಸಬೇಕು. ನಾವು ಬದಲಾಯಿಸದಿದ್ರೆ ಅದು ಕಾಯುವುದು ಸಾಮಾನ್ಯವಾಗಿ 90 ಸೆಕೆಂಡು. ಬರಲಿಲ್ಲವಾ, ಸರ್ವೀಸನ್ನು ನಿಲ್ಲಿಸ್ತದೆ.

ನಮ್ಮ ಪೋಸ್ಟ್‌ಗ್ರೆಸ್‌ಕ್ಯುಎಲ್ ಕರೆಂಟ್ ಹೋದಾಗ ಅರ್ಧಕ್ಕೆ ನಿಂತಿತ್ತು. ಎದ್ದ ಕೂಡಲೇ ಲಾಗ್ ಓದಿ ಲೆಕ್ಕ ಸರಿ ಮಾಡಬೇಕು. ಅದೇ ಹೊತ್ತಿಗೆ ಉಳಿದ ಸರ್ವೀಸ್‌ಗಳೂ ಅದೇ ಹಳೆ ಡಿಸ್ಕಿಗೆ ಮುಗಿಬಿದ್ದವು. 90 ದಾಟಿತು, ಮೆಸೇಜ್ ಇಲ್ಲ, ನಿಲ್ಲಿಸಿತು. ರೀಸ್ಟಾರ್ಟ್ ಆಯ್ತು, ಪುನಃ ಮೊದಲಿಂದ. ಪೋಸ್ಟ್‌ಗ್ರೆಸ್‌ಕ್ಯುಎಲ್‌ನ ಕೈಪಿಡಿಯಲ್ಲೇ ಈ 90 ಸೆಕೆಂಡಿನ ಎಚ್ಚರಿಕೆ ಉಂಟು. ನಾನು ಓದಿರಲಿಲ್ಲ.

ತಪ್ಪು ಎಲ್ಲಿ ಅಂದ್ರೆ, ನಾನು ಟೆಸ್ಟ್ ಮಾಡಿದ್ದು ಖಾಲಿ ಮಿಷನ್‌ನಲ್ಲಿ. ಆಗ ಎರಡೇ ಸೆಕೆಂಡಿಗೆ ಎದ್ದಿತ್ತು! ಈಗ ಹೀಗೆ ಮಾಡ್ತೇನೆ: ವರ್ಚುವಲ್ ಮಿಷನ್‌ನಲ್ಲಿ ಡೇಟಾಬೇಸಿಗೆ ಜೋರಾಗಿ ಬರೆಯಿಸುವುದು, ನಡುವಲ್ಲಿ ಪವರ್ ಕಟ್ ಮಾಡುವುದು, ಪುನಃ ಆನ್ ಆಗುವಾಗಲೇ 'ಸ್ಟ್ರೆಸ್-ಎನ್‌ಜಿ' ಹಾಕಿ ಸಿಪಿಯು, ಡಿಸ್ಕ್ ಎರಡಕ್ಕೂ ಭಾರ ಕೊಡುವುದು. 'ರೆಡಿ' ಎಷ್ಟು ಹೊತ್ತಿಗೆ ಬಂತು ಅಂತ 'ಜರ್ನಲ್‌ಸಿಟಿಎಲ್'ನಲ್ಲಿ ನೋಡುವುದು. ಒಂದು ಸಲ ಅಲ್ಲ, ಹತ್ತು ಸಲ.

ಡೇಟಾಬೇಸಿನ ಟೈಮ್‌ಔಟ್ ಹೆಚ್ಚಿಸಿದೆ, ಅರ್ಜೆಂಟ್ ಇಲ್ಲದ ಸರ್ವೀಸ್‌ಗಳನ್ನು ಅದರ ನಂತರಕ್ಕೆ ಹಾಕಿದೆ. ಟೈಮ್‌ಔಟನ್ನೇ ತೆಗೆದುಬಿಡಬಹುದು, ಆದ್ರೆ ನಿಜವಾಗಿ ಸಿಕ್ಕಿಹಾಕಿಕೊಂಡಾಗ ಸಿಸ್ಟಮ್‌ಡಿ ಸುಮ್ಮನೆ ಕಾಯ್ತಾ ಇರ್ತದೆ. ಆಗ ನೋಡಿಕೊಳ್ಳಲು ನಾವೇ ಬೇಕು.

ನಿಮ್ಮಲ್ಲೂ ಸರ್ವರ್ ಇದ್ರೆ ಮುಂದಿನ ಮಳೆಗೆ ಮೊದಲು ಒಮ್ಮೆ ಹೀಗೆ ಟೆಸ್ಟ್ ಮಾಡಿ. ಉತ್ತರ ತಡ ಆಯ್ತು ಅಂದ ಮಾತ್ರಕ್ಕೆ ಸರ್ವೀಸ್ ಸತ್ತಿದೆ ಅಂತ ಅಲ್ಲ. ಸಿಗುವ ಬನ್ನಿ.