ರುಮಾಲು, ಜಾಕೆಟ್ಟು ಮತ್ತು ಖಾಕಿ

ನಸುಕಿನಲ್ಲಿ ಹಿಪ್ಪರಗಿ ಬ್ಯಾರೇಜಿನ ಆಚೀಚೆ ಕಬ್ಬಿನ ಹೊಲಕ್ಕೆ ಹೊರಟ ಹಿರಿಯರನ್ನು ನೋಡಿದ್ದೀರಲ್ಲ? ಧೋತರ, ನೆಹರು ಶರ್ಟು, ತಲೆಗೆ ರುಮಾಲು. ಬಿಸಿಲಿಗೆ ನೆರಳು ಅದೇ, ಬೆವರು ಒರೆಸಲು ಅದೇ, ಬುತ್ತಿ ಕಟ್ಟಲೂ ಅದೇ. ಇದನ್ನು ಯಾರೂ ಫ್ಯಾಷನ್ ಎನ್ನುವುದಿಲ್ಲ, ಪಾಪ.

ಜರ್ಮನಿಯವರ ದಿನನಿತ್ಯದ ಉಡುಪೂ ಬಹುಮಟ್ಟಿಗೆ ಇದೇ ಜಾತಿಯದು. ಹವೆ ಕೆಟ್ಟದ್ದಲ್ಲ, ತೊಟ್ಟ ಬಟ್ಟೆ ಕೆಟ್ಟದ್ದು ಎಂಬರ್ಥದ ಮಾತು ಅಲ್ಲಿ ಮನೆಮಾತು. ಮಳೆ ತಡೆಯುವ ಜಾಕೆಟ್ಟು, ಮಾಸಿದರೂ ಕಾಣದ ಬಣ್ಣ, ಗಟ್ಟಿ ಬೂಟು. ಪ್ಯಾರಿಸ್ಸಿನವರು ಮೂಗು ಮುರಿಯಲಿ ಬಿಡಿ! 1774ರಷ್ಟು ಹಳೆಯ ದಾಖಲೆಯಲ್ಲೇ ಹೆಸರಿರುವ ಬಿರ್ಕೆನ್‌ಸ್ಟಾಕ್ ಮನೆತನದ ಚಪ್ಪಲಿ ಇಂದು ಜಗತ್ಪ್ರಸಿದ್ಧ. ಅದರ ಬೆಂಡಿನ ಅಟ್ಟೆ ತೊಟ್ಟವರ ಪಾದದ ಆಕಾರಕ್ಕೆ ಒಗ್ಗುತ್ತದೆ. ನಮ್ಮ ಅಥಣಿಯ ತೊಗಲಿನ ಚಪ್ಪಲಿಯೂ ಅಷ್ಟೇ ಅಲ್ಲವೆ? ಮೊದಲ ವಾರ ಕಚ್ಚುತ್ತದೆ, ಆಮೇಲೆ ಕಾಲು ಬಿಟ್ಟು ಹೋಗುವುದಿಲ್ಲ. ಕೊಲ್ಹಾಪುರಿ ಹೆಸರಿನ ಈ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ, ನಮ್ಮ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳೂ ಅದರಲ್ಲಿ ಸೇರಿದವು.

ಇನ್ನೊಂದು ನಂಟು ಕೇಳಿ. 19ನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆ ಆರಂಭಿಸಿದರು. ಮಿಶನ್ ಸ್ವಿಟ್ಜರ್ಲೆಂಡಿನದು, ಬಂದವರಲ್ಲಿ ಬಹಳಷ್ಟು ಜನ ಜರ್ಮನ್ನರು. ಅಲ್ಲಿನ ನೇಯ್ಗೆಯ ಮೇಲ್ವಿಚಾರಕ ಹ್ಯಾಲರ್ ಖಾಕಿ ಬಣ್ಣ ಕುದುರಿಸಿದನೆಂದು ಕರಾವಳಿಯವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಧೂಳು ಕೂತರೂ ಕಾಣದ ಬಣ್ಣ! ನಮ್ಮ ಬನಹಟ್ಟಿ ದಾರಿಯ ಬಸ್ ಕಂಡಕ್ಟರ್ ಮೈಮೇಲೂ ಅದೇ ಖಾಕಿ.